ಒಂದಗುಳು ಸಾಕೇ?

ಜೋಗುಪಾಳ್ಯದ ನಮ್ಮ ಬೀದಿಯಲ್ಲಿ ಹೋದ ತಿಂಗಳು ಮೊದಲನೇ ಮಹಡಿಯ ಮನೆಯೊಂದು ಖಾಲಿಯಾಯಿತು. ಗೇಟಿಗೆ ಟು ಲೆಟ್ ಬೋರ್ಡು ಕಟ್ಟಿದ ಮಾಲೀಕರು, ವಿಚಾರಿಸಲು ಬಂದ ಇಬ್ಬರು ಹುಡುಗರನ್ನು ಮೆಟ್ಟಿಲು ಹತ್ತಿಸದೆಯೇ ಕಳಿಸಿಬಿಟ್ಟರು. ಯಾಕೆ ಎಂದು ಕೇಳಿದೆ. "ಬ್ಯಾಚುಲರ್‌ಗಳಿಗೆ ಕೊಡಲ್ಲ ಸಾರ್. ಹೋದ ಸಲ ಒಬ್ಬನಿಗೆ ಕೊಟ್ಟು ಮೂರು ತಿಂಗಳ ಬಾಡಿಗೆ ಕಳಕೊಂಡೆ. ಅನ್ನ ಬೆಂದಿದೆಯಾ ಅಂತ ನೋಡಕ್ಕೆ ಒಂದಗುಳು ಸಾಕಲ್ವಾ?" ಅಂದರು.

ಗಾದೆ ಸುಳ್ಳಲ್ಲ. ಪಾತ್ರೆಯ ಅನ್ನಕ್ಕೆ ಒಂದಗುಳು ನಿಜಕ್ಕೂ ಸಾಕು. ಬಾಡಿಗೆಯವರ ವಿಷಯದಲ್ಲಿ ಅದು ಯಾಕೆ ಸಾಲದು ಎಂದು ಹೇಳಹೊರಟರೆ ಮಾತು ತಡವರಿಸುತ್ತದೆ. ಕಂಡದ್ದರಿಂದ ಕಾಣದ್ದಕ್ಕೆ ದಾಟುವ ಇಂಥ ವಾದವನ್ನು ನಮ್ಮ ಪಿಯುಸಿ ತರ್ಕಶಾಸ್ತ್ರದ ಪುಸ್ತಕಗಳು ಅನುಗಮನ ಎನ್ನುತ್ತವೆ. ಆಧಾರ ನಿಜವಾದರೆ ತೀರ್ಮಾನವೂ ನಿಜವಾಗಲೇಬೇಕಾದ ನಿಗಮನದ ವಾದ ಒಂದೋ ಸರಿ, ಇಲ್ಲವೇ ತಪ್ಪು. ಅನುಗಮನದ ವಾದಕ್ಕೆ ಮಾತ್ರ ಬಟ್ಟೆಯಂತೆ ಗಟ್ಟಿ, ಸಾಧಾರಣ, ಜಾಳು ಎಂಬ ದರ್ಜೆಗಳಿವೆ. ಆ ದರ್ಜೆ ಕಟ್ಟುವುದು ಹೇಗೆ ಎಂದು ಜನ ಸುಮಾರು ಎರಡು ಸಾವಿರ ವರ್ಷಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ಅದರ ಬಹಳಷ್ಟು ಕೆಲಸ ನಮ್ಮ ನೆಲದಲ್ಲೇ ನಡೆದಿದೆ.

ನಮ್ಮ ಆಡುಮಾತಿನಲ್ಲಿ ಅನುಮಾನ ಎಂದರೆ ಸಂದೇಹ. ಶಾಸ್ತ್ರದಲ್ಲಿ ಅದೇ ಪದಕ್ಕೆ ಕುರುಹಿನಿಂದ ಪಡೆದ ಅರಿವು ಎಂಬ ಅರ್ಥ. ಇಂಥ ಅರಿವಿಗೂ ಸಂದೇಹಕ್ಕೂ ನಡುವಿನ ಜಗಳ ಗೌತಮನ ನ್ಯಾಯಸೂತ್ರದಲ್ಲೇ ಶುರುವಾಗುತ್ತದೆ. ನದಿ ತುಂಬಿ ಬಂದರೆ ಮೇಲೆಲ್ಲೋ ಮಳೆಯಾಗಿದೆ ಎಂದು ತಿಳಿಯುತ್ತೇವೆ. ಇರುವೆಗಳು ಮೊಟ್ಟೆ ಹೊತ್ತು ಸಾಗಿದರೆ ಮಳೆ ಬರುತ್ತದೆ ಎನ್ನುತ್ತೇವೆ. ಆಕ್ಷೇಪಕ ಎದ್ದು ನಿಲ್ಲುತ್ತಾನೆ: ಕೆಳಗೆ ಅಡ್ಡಗಟ್ಟೆ ಬಿದ್ದರೂ ನೀರು ಏರುತ್ತದಲ್ಲ? ಗೂಡು ಕೆಟ್ಟರೂ ಇರುವೆ ಹೊರಡುತ್ತದಲ್ಲ? ಸೂತ್ರಕಾರನ ಉತ್ತರವನ್ನು ವಾತ್ಸ್ಯಾಯನನ ಭಾಷ್ಯ ಬಿಡಿಸಿ ಹೇಳುತ್ತದೆ. ಬರಿಯ ಏರಿದ ನೀರು ಕುರುಹಲ್ಲ. ರಭಸ, ನೊರೆ, ತೇಲಿಬರುವ ಎಲೆ ಕಡ್ಡಿಗಳು ಕೂಡಿದ ಪ್ರವಾಹ ಕುರುಹು. ಮಳೆಗಾಲದಲ್ಲಿ ರಾಜಕಾಲುವೆಯ ಪಕ್ಕ ಬಾಳುವವರಿಗೆ ಇದನ್ನು ವಿವರಿಸಬೇಕಿಲ್ಲ. ಮೋರಿಯ ಬಾಯಿಗೆ ಕಸ ಕಟ್ಟಿ ಏರುವ ನೀರು ನಿಂತಲ್ಲೇ ಉಬ್ಬುತ್ತದೆ, ಮೇಲಿನ ಬಡಾವಣೆಯ ಮಳೆಯಿಂದ ಬರುವ ನೀರು ನುಗ್ಗುತ್ತದೆ. ವಾದ ಸೋತಾಗ ಅದನ್ನು ಎಸೆಯದೆ ಕುರುಹನ್ನು ಇನ್ನಷ್ಟು ಹತ್ತಿರದಿಂದ ನೋಡುವ ಈ ಪಾಠ, ನನ್ನ ದೃಷ್ಟಿಯಲ್ಲಿ, ಈ ಶಾಸ್ತ್ರದ ಮೊದಲ ದೊಡ್ಡ ಗಳಿಕೆ.

ಐದು-ಆರನೇ ಶತಮಾನದ ಹೊತ್ತಿಗೆ ಬೌದ್ಧ ತಾರ್ಕಿಕ ದಿಙ್ನಾಗ ಸರಿಯಾದ ಕುರುಹಿಗೆ ಮೂರು ಲಕ್ಷಣಗಳನ್ನು ಖಚಿತಪಡಿಸಿದ. ಕುರುಹು ಈ ಸಂದರ್ಭದಲ್ಲಿ ಇರಬೇಕು, ಇಂಥದೇ ಬೇರೆ ಸಂದರ್ಭದಲ್ಲಿ ಕಂಡಿರಬೇಕು, ವಿರುದ್ಧ ಸಂದರ್ಭದಲ್ಲಿ ಎಲ್ಲೂ ಇರಬಾರದು. ಮೂರನೆಯದು ಮುಖ್ಯ. ನಮ್ಮ ಮಾಲೀಕರಿಗೆ ಬಾಕಿ ಉಳಿಸಿದ ಬ್ಯಾಚುಲರ್ ನೆನಪಿದ್ದಾನೆ. ತಿಂಗಳ ಐದನೇ ತಾರೀಕಿಗೆ ಬಾಡಿಗೆ ಕೊಡುವ ಬ್ಯಾಚುಲರ್‌ಗಳನ್ನು ಅವರು ಎಣಿಸಿಯೇ ಇಲ್ಲ.

ಆದರೆ ಮೂರೂ ಇದ್ದು ಜಾಳಾಗುವ ವಾದಗಳಿವೆ. ಶಾಸ್ತ್ರದ ಹಳೆಯ ಉದಾಹರಣೆ ಮಿತ್ರೆ ಎಂಬ ಹೆಂಗಸಿನ ಮಕ್ಕಳದು. ಹುಟ್ಟಿದ ಮಕ್ಕಳೆಲ್ಲ ಕಪ್ಪು, ಆದ್ದರಿಂದ ಹೊಟ್ಟೆಯಲ್ಲಿರುವ ಕೂಸೂ ಕಪ್ಪು ಎಂಬ ವಾದ. ಕುರುಹು ಇದೆ, ಬೇರೆಡೆ ಕಂಡಿದೆ, ವಿರುದ್ಧ ಉದಾಹರಣೆ ಸಿಕ್ಕಿಲ್ಲ. ಆದರೂ ಯಾರೂ ಒಪ್ಪುವುದಿಲ್ಲ. ಜೈನ ತಾರ್ಕಿಕ ಪಾತ್ರಕೇಸರಿ ಮೂರು ಲಕ್ಷಣಗಳನ್ನು ಖಂಡಿಸಲೆಂದೇ ತ್ರಿಲಕ್ಷಣಕದರ್ಥನ ಎಂಬ ಗ್ರಂಥ ಬರೆದ. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಎಂಬ 12ನೇ ಶತಮಾನದ ಶಾಸನ ಆ ಕೃತಿಯ ಹೆಸರು ಹೇಳಿ ಅವನನ್ನು ಕೊಂಡಾಡುತ್ತದೆ. ತರ್ಕದ ಪುಸ್ತಕವೊಂದು ಕಲ್ಲಿನ ಮೇಲೆ ನೆನಪಾಗಿ ಉಳಿದಿರುವ ನಾಡು ನಮ್ಮದು ಎನ್ನುವುದು ನನಗೆ ಹೆಮ್ಮೆಯ ಸಂಗತಿ. ಪಾತ್ರಕೇಸರಿಯ ಪ್ರಕಾರ ಬೇಕಾದ ಲಕ್ಷಣ ಒಂದೇ: ಇದಿಲ್ಲದೆ ಅದು ಆಗಲಾರದು ಎನ್ನುವಂತಿರಬೇಕು.

ಗೌತಮನ ನ್ಯಾಯ ಪರಂಪರೆಯ ನೈಯಾಯಿಕರು ಬೇರೆ ದಾರಿ ಹಿಡಿದರು. ಅವರು ಕೊಟ್ಟ ಪದ ಉಪಾಧಿ, ಎಂದರೆ ಮರೆಯಲ್ಲಿ ನಿಂತ ಷರತ್ತು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆ ಎಂದು ಹೇಳಲಾಗದು; ಸೌದೆ ಹಸಿಯಾಗಿದ್ದರೆ ಮಾತ್ರ ಹೊಗೆ. ಆ ಹಸಿ ಸೌದೆಯೇ ಉಪಾಧಿ. ಮಿತ್ರೆಯ ಮಕ್ಕಳ ಬಣ್ಣಕ್ಕೂ ಅವಳ ಮಕ್ಕಳೆಂಬುದು ಕಾರಣವಲ್ಲ, ಬಸುರಿಯಾಗಿದ್ದಾಗ ಅವಳು ತಿಂದ ಸೊಪ್ಪು ಕಾರಣ ಎಂದರು. ವೈದ್ಯಕೀಯವಾಗಿ ಅದು ತಪ್ಪಿರಬಹುದು, ತರ್ಕ ಮಾತ್ರ ಚೊಕ್ಕ. 14ನೇ ಶತಮಾನದಲ್ಲಿ ಮಿಥಿಲೆಯ ಗಂಗೇಶ ಈ ವಿಚಾರವನ್ನು ತತ್ತ್ವಚಿಂತಾಮಣಿಯಲ್ಲಿ ಬಹಳ ಸೂಕ್ಷ್ಮಕ್ಕೆ ಒಯ್ದ. ಬನ್ನೂರಿನಲ್ಲಿ ಹುಟ್ಟಿ, ಮುಳಬಾಗಿಲಿನಲ್ಲಿ ಓದಿದ ವ್ಯಾಸತೀರ್ಥರು ವಿಜಯನಗರದಲ್ಲಿದ್ದು ತರ್ಕತಾಂಡವದಲ್ಲಿ ಆ ಪರಂಪರೆಯನ್ನೇ ಒರೆಗೆ ಹಚ್ಚಿದರು.

ವಿಜಯನಗರ ಕಾಲದ್ದೇ ಇನ್ನೊಂದು ಗ್ರಂಥ ಸರ್ವದರ್ಶನಸಂಗ್ರಹ. ಅದರ ಮೊದಲ ಅಧ್ಯಾಯ ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವ ಚಾರ್ವಾಕರದು. ಅವರು ಕೇಳುತ್ತಾರೆ: ಎದುರಿಗಿರುವ ಹೊಗೆ ಬೆಂಕಿಗಳ ಜೋಡಿಯನ್ನು ಕಣ್ಣು ನೋಡಿತು ಸರಿ, ನಿನ್ನೆಯ ಮತ್ತು ನಾಳೆಯ ಜೋಡಿಗಳನ್ನು ನೋಡಿದವರಾರು? ಅನುಮಾನದಿಂದಲೇ ಅನುಮಾನವನ್ನು ನಿಲ್ಲಿಸಹೊರಟರೆ ಅದಕ್ಕೆ ಕೊನೆಯೇ ಇಲ್ಲ. 1739ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಎತ್ತಿದ ಪ್ರಸಿದ್ಧ ಪ್ರಶ್ನೆಯ ಮುಖ್ಯ ಎಳೆ ಇಲ್ಲಿ ಸುಮಾರು ನಾನ್ನೂರು ವರ್ಷ ಮೊದಲೇ ಇದೆ. ಇಂಥ ಸಂದೇಹಕ್ಕೆ ನೈಯಾಯಿಕರಾದ ಉದಯನ, ಗಂಗೇಶರ ಉತ್ತರ ನನಗೆ ಇಷ್ಟ: ಸಂದೇಹಕ್ಕೂ ಒಂದು ಗಡಿಯಿದೆ, ನಿನ್ನ ನಡೆಗೇ ಅದು ಅಡ್ಡ ಬರುವವರೆಗೆ ಮಾತ್ರ ಅದು ಸಾಗುತ್ತದೆ. ಹೊಗೆ ಬೇಕಾದಾಗ ನೀನೂ ಬೆಂಕಿಯನ್ನೇ ಹೊತ್ತಿಸುತ್ತೀಯಲ್ಲ?

ಯುರೋಪಿನಲ್ಲಿ ಬೇಕನ್ 1620ರಲ್ಲೇ ಬರಿಯ ಎಣಿಕೆಯ ಅನುಗಮನವನ್ನು ಹುಡುಗಾಟಿಕೆ ಎಂದು ತಳ್ಳಿಹಾಕಿದ್ದ. 1843ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಕಾರಣ ಹುಡುಕುವ ಐದು ಕ್ರಮಗಳನ್ನು ಕೊಟ್ಟ. ಅವುಗಳಲ್ಲಿ ವ್ಯತ್ಯಾಸದ ಕ್ರಮ ದಿನಬಳಕೆಗೆ ಹೆಚ್ಚು ಒದಗುವಂಥದು: ಒಂದನ್ನು ಬಿಟ್ಟು ಉಳಿದೆಲ್ಲ ಹಾಗೇ ಇದ್ದು, ಆ ಒಂದು ಹೋದಾಗ ಫಲವೂ ಹೋದರೆ, ನಂಟು ಗಟ್ಟಿ. ಅದರ ಚೆಂದದ ನಿದರ್ಶನ ನಮ್ಮ ದಂಡುಪ್ರದೇಶದಲ್ಲೇ ನಡೆಯಿತು. 1883ರಲ್ಲಿ ಇಲ್ಲಿ ಹಂಗಾಮಿ ಗ್ಯಾರಿಸನ್ ಸರ್ಜನ್ ಆಗಿದ್ದ ರೊನಾಲ್ಡ್ ರಾಸ್‌ಗೆ ತನ್ನ ಬಂಗಲೆಯಲ್ಲಿ ಸೊಳ್ಳೆಯ ಕಾಟ. ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಬಗ್ಗಿ ನೋಡಿದರೆ ಮರಿಗಳು ಕಿಲಬಿಲ ಅನ್ನುತ್ತಿವೆ. ತೊಟ್ಟಿ ಕವುಚಿದ, ಕಾಟ ಇಳಿಯಿತು. ಮೆಸ್ಸಿನ ತೊಟ್ಟಿ, ಡಬ್ಬ, ಹೂದಾನಿಗಳಿಗೂ ಹೀಗೇ ಮಾಡೋಣವೆಂದರೆ, ಸೃಷ್ಟಿಯ ಕ್ರಮ ಕೆಡಿಸಬಾರದೆಂದು ಅಧಿಕಾರಿ ಒಪ್ಪಲಿಲ್ಲ ಎಂದು ರಾಸ್ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಒಂದು ಬಂಗಲೆ, ಒಂದು ತೊಟ್ಟಿ, ಅಷ್ಟೇ. ಆದರೂ ವಾದ ಗಟ್ಟಿ. ಯಾಕೆಂದರೆ ಅವನು ಮೊದಲು ಬಗ್ಗಿ ನೋಡಿದ್ದ. ತೊಟ್ಟಿಗೂ ಸೊಳ್ಳೆಗೂ ನಡುವಿನ ಕೊಂಡಿ ಕಣ್ಣಿಗೆ ಬಿದ್ದಿತ್ತು.

ಇದೇ ಕ್ರಮವನ್ನು ನಮ್ಮ ಹಲಸೂರು ಕೆರೆಗೂ ಹಚ್ಚಬಹುದು. 2016ರ ಮಾರ್ಚ್‌ನಲ್ಲಿ ಅಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗ ಎಲ್ಲರ ಬಾಯಲ್ಲೂ ಇದ್ದದ್ದು ಕೊಳಚೆ ನೀರಿನ ಮಾತು. ಆದರೆ ಕೊಳಚೆ ದಿನಾ ಸೇರುತ್ತಿದ್ದರೆ ಮೀನು ಆ ವಾರವೇ ಸತ್ತದ್ದೇಕೆ? ಎಂದಿನಂತಿದ್ದದ್ದು ಎಂದಿನಂತಲ್ಲದ್ದನ್ನು ಒಂಟಿಯಾಗಿ ವಿವರಿಸಲಾರದು. ಬಿಸಿ ನೀರು ಕಡಿಮೆ ಆಮ್ಲಜನಕ ಹಿಡಿಯುತ್ತದೆ ಎಂಬ ಸಂಗತಿಯನ್ನು ಕೂಡಿಸಿದಾಗ, ಬೇಸಿಗೆ ಮತ್ತು ಕೊಳಚೆ ಜೊತೆಗೂಡಿದ ಕಥೆಗೆ ಬಲ ಬರುತ್ತದೆ. ಕೊಳಚೆಯ ತಪ್ಪು ಅದರಿಂದ ಕಿರಿದಾಗುವುದಿಲ್ಲ.

ಮಿಲ್‌ನ ತರ್ಕ ನಮ್ಮ ಕೋರ್ಟುಗಳಿಗೂ ಬಂತು. 1872ರ ಸಾಕ್ಷ್ಯ ಕಾಯಿದೆಯ ಕರಡು ಬರೆದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಅದಕ್ಕೆ ಬರೆದ ಪ್ರವೇಶಿಕೆಯಲ್ಲಿ ಮಿಲ್‌ನ ಕ್ರಮಗಳನ್ನೇ ಚರ್ಚಿಸುತ್ತಾನೆ. ಕಾಯಿದೆಯ 114ನೇ ಕಲಮು ಇಡೀ ಈ ವಿಷಯದ ಅತ್ಯುತ್ತಮ ಪಾಠ ಎಂದು ನಾನು ನಂಬಿದ್ದೇನೆ. ಕಳವಾದ ಸ್ವಲ್ಪ ಹೊತ್ತಿಗೇ ಮಾಲು ಯಾರ ಬಳಿ ಸಿಗುತ್ತದೋ, ಅವನು ಲೆಕ್ಕ ಕೊಡದಿದ್ದರೆ, ಅವನೇ ಕಳ್ಳ ಅಥವಾ ಕದ್ದದ್ದೆಂದು ತಿಳಿದೇ ಪಡೆದವನು ಎಂದು ಕೋರ್ಟು ಊಹಿಸಬಹುದು. ಅಲ್ಲಿಗೇ ನಿಲ್ಲದೆ ಕಲಮು ಒಬ್ಬ ಅಂಗಡಿಯವನನ್ನು ಕರೆತರುತ್ತದೆ. ಗುರುತು ಮಾಡಿದ ರೂಪಾಯಿ ಅವನ ಗಲ್ಲಾದಲ್ಲಿದೆ, ಎಲ್ಲಿಂದ ಬಂತೆಂದು ಅವನು ಹೇಳಲಾರ. ಆದರೆ ವ್ಯಾಪಾರದಲ್ಲಿ ಅವನ ಕೈಗೆ ಸದಾ ರೂಪಾಯಿಗಳು ಬರುತ್ತಲೇ ಇರುತ್ತವೆ; ಅದನ್ನೂ ಗಮನಿಸಿ ಎನ್ನುತ್ತದೆ ಕಾನೂನು. ಬೆಳಿಗ್ಗೆ ಆರಕ್ಕೆ ಹಾಲಿನ ಪ್ಯಾಕೆಟ್ಟಿನಿಂದ ಶುರುಮಾಡಿ ರಾತ್ರಿ ಹತ್ತರವರೆಗೆ ನೋಟು ತೆಗೆದು ಚಿಲ್ಲರೆ ಕೊಡುವ ನಮ್ಮ ಮೂಲೆಯಂಗಡಿಯವರನ್ನು ನೆನೆಸಿಕೊಳ್ಳಿ. ಅದೇ ಕುರುಹು, ಮನುಷ್ಯ ಬೇರೆ, ಬಲ ಬೇರೆ. ಆ ಹಳೆಯ ಕಾಯಿದೆಯ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 119ನೇ ಕಲಮಿನಲ್ಲೂ ಈ ಅಂಗಡಿಯವನು ಉಳಿದುಕೊಂಡಿದ್ದಾನೆ. ಸಾಂದರ್ಭಿಕ ಸಾಕ್ಷ್ಯದ ಬಗ್ಗೆ ಸುಪ್ರೀಂ ಕೋರ್ಟು 1984ರ ಶರದ್ ಬಿರ್ದಿಚಂದ್ ಸಾರ್ದಾ ಪ್ರಕರಣದಲ್ಲಿ ಪಂಚಶೀಲವೆಂದೇ ಕರೆದ ಐದು ತತ್ವಗಳಲ್ಲಿ, ಆರೋಪಿಯೇ ತಪ್ಪಿತಸ್ಥ ಎಂಬುದೊಂದನ್ನು ಬಿಟ್ಟು ಉಳಿದ ಎಲ್ಲ ಊಹೆಗಳೂ ಬಿದ್ದುಹೋಗಬೇಕು ಎಂಬುದೂ ಒಂದು. ಪಾತ್ರಕೇಸರಿ ಇದನ್ನು ಓದಿದ್ದರೆ ತನ್ನ ಮಾತೇ ಎಂದುಕೊಳ್ಳುತ್ತಿದ್ದ.

ಇಪ್ಪತ್ತನೇ ಶತಮಾನದ ಮೊದಲರ್ಧ ಲೆಕ್ಕದ ಹಾದಿ ಹಿಡಿಯಿತು. ಬೇಯ್ಸ್‌ನ 1763ರ ಪ್ರಬಂಧ ಹೊಸ ಸಾಕ್ಷ್ಯ ಬಂದಾಗ ಹಳೆಯ ನಂಬಿಕೆ ಎಷ್ಟು ಜರುಗಬೇಕೆಂದು ತೋರಿಸಿತ್ತು. ಕೇನ್ಸ್ 1921ರಲ್ಲಿ ಸಂಭಾವ್ಯತೆ ಬೇರೆ, ಸಾಕ್ಷ್ಯದ ತೂಕ ಬೇರೆ ಎಂದು ಬಿಡಿಸಿದ: ಇಬ್ಬರನ್ನು ಕೇಳಿ ಒಬ್ಬ ಹೌದೆಂದರೂ ಅರ್ಧ, ಇನ್ನೂರು ಜನರಲ್ಲಿ ನೂರು ಮಂದಿ ಹೌದೆಂದರೂ ಅರ್ಧ, ತೂಕ ಮಾತ್ರ ಒಂದೇ ಅಲ್ಲ. ಕಾರ್ನಾಪ್ 1950ರಲ್ಲಿ ಅನುಗಮನಕ್ಕೂ ನಿಗಮನದಂಥ ಕಟ್ಟುನಿಟ್ಟಿನ ರೂಪ ಕೊಡಹೊರಟ. ನೆಲ್ಸನ್ ಗುಡ್‌ಮನ್ 1955ರಲ್ಲಿ ಆ ಕನಸಿಗೆ ಪೆಟ್ಟು ಕೊಟ್ಟ. ವಾದದ ಆಕಾರ ಒಂದೇ ಆಗಿದ್ದರೂ ಅದರೊಳಗಿನ ಪದ ಬದಲಾದರೆ ಬಲವೇ ಬದಲಾಗುತ್ತದೆ ಎಂದು ತೋರಿಸಿ, ಬಳಕೆಯಲ್ಲಿ ಬೇರೂರಿದ ಪದಗಳನ್ನು ನಂಬಬಹುದು ಎಂದ. ಇಲ್ಲಿ ನನ್ನ ತಕರಾರಿದೆ. 'ಬ್ಯಾಚುಲರ್', 'ಆ ಊರಿನವರು', 'ಆ ಜನ' ಎಂಬ ಪದಗಳಷ್ಟು ಬೇರೂರಿದವು ನಮ್ಮ ಬೀದಿಯಲ್ಲಿ ಬೇರಾವೂ ಇಲ್ಲ. ಬಾಡಿಗೆ ಕೊಡುವ ಗುಣದ ಬಗ್ಗೆ ಅವು ಹೇಳುವುದು ಬಹಳ ಕಡಿಮೆ.

1958ರಲ್ಲಿ ಸ್ಟೀಫನ್ ಟೌಲ್ಮಿನ್ ಗಣಿತದ ಮಾದರಿ ಬಿಟ್ಟು ನ್ಯಾಯಾಲಯದ ಮಾದರಿ ಹಿಡಿದ. ನಿನ್ನ ಮಾತೇನು, ಆಧಾರವೇನು, ಆ ಆಧಾರದಿಂದ ಈ ಮಾತಿಗೆ ದಾಟಲು ಪರವಾನಗಿ ಏನು, ಯಾವ ಸಂದರ್ಭದಲ್ಲಿ ಅದು ಹುಸಿಯಾಗುತ್ತದೆ? ಕೆನಡಾದ ವಿಂಡ್ಸರ್‌ನ ಜಾನ್ಸನ್ ಮತ್ತು ಬ್ಲೇರ್ 1977ರ ತಮ್ಮ ಪಠ್ಯದಲ್ಲಿ ಮೂರು ಪ್ರಶ್ನೆ ಇಟ್ಟರು: ಆಧಾರ ಒಪ್ಪತಕ್ಕದ್ದೇ, ಪ್ರಸ್ತುತವೇ, ಸಾಕಷ್ಟಿದೆಯೇ? ಡಗ್ಲಸ್ ವಾಲ್ಟನ್ 1996ರಲ್ಲಿ ದಿನಬಳಕೆಯ ವಾದಗಳ ಒಂದೊಂದು ಬಗೆಗೂ ಅದಕ್ಕೊಪ್ಪುವ ಪ್ರಶ್ನೆಗಳನ್ನು ಜೋಡಿಸಿದ. ಉಪಾಧಿ ಹುಡುಕುವ ಕೆಲಸ ಬೇರೆ ಭಾಷೆಯಲ್ಲಿ ಮರಳಿ ಬಂದಿತ್ತು. ಇದೇ ಅವಧಿಯಲ್ಲಿ, 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡ ಮತ್ತು ಮೂಢನಂಬಿಕೆಗಳ ಪರೀಕ್ಷೆಗೆ ಸಮಿತಿ ರಚಿಸಿ, ಪ್ರಶ್ನೆ ಕೇಳುವುದನ್ನು ಊರಿನ ನಡುವೆ ತಂದರು.

ಜನ ನಿಜವಾಗಿ ಹೇಗೆ ತೂಗುತ್ತಾರೆ ಎಂಬುದನ್ನು ಮನೋವಿಜ್ಞಾನಿಗಳು ಪ್ರಯೋಗಕ್ಕೆ ಒಡ್ಡಿದರು. ಟ್ವೆರ್ಸ್ಕಿ, ಕಾನೆಮನ್ 1971ರಲ್ಲಿ, ಸಂಶೋಧಕರೂ ಸಣ್ಣ ಮಾದರಿಯನ್ನು ಅತಿಯಾಗಿ ನಂಬುತ್ತಾರೆಂದು ತೋರಿಸಿದರು. ಆದರೆ 1983ರಲ್ಲಿ ನಿಸ್ಬೆಟ್ ಮತ್ತು ಸಂಗಡಿಗರ ಅಧ್ಯಯನ ಇನ್ನೊಂದು ಮುಖ ತೋರಿಸಿತು. ಹೆಚ್ಚು ಪರಿಚಯವಿಲ್ಲದ ದ್ವೀಪವೊಂದನ್ನು ಊಹಿಸಿಕೊಳ್ಳಿ ಎಂದರು. ಅಲ್ಲಿನ ಅಪರೂಪದ ಧಾತುವಿನ ಒಂದು ಚೂರು ಹಸಿರಾಗಿ ಉರಿದರೆ ಆ ಧಾತುವೆಲ್ಲ ಹಾಗೇ ಎಂದು ಜನ ಒಪ್ಪಿದರು. ಅಲ್ಲಿನ ಒಬ್ಬ ದಪ್ಪಗಿದ್ದರೆ ಎಲ್ಲರೂ ದಪ್ಪ ಎನ್ನಲು ಹಿಂಜರಿದರು. ಯಾವ ಸಂಗತಿ ಎಷ್ಟು ಏರುಪೇರಾಗುತ್ತದೆ ಎಂಬ ತಿಳಿವಳಿಕೆ ಸಾಮಾನ್ಯರಲ್ಲಿ ಇದೆ. 1990ರಲ್ಲಿ ಓಶರ್ಸನ್ ತಂಡ, ಒಂದೇ ಬಗೆಯ ಉದಾಹರಣೆಗಳಿಗಿಂತ ಬೇರೆಬೇರೆ ಬಗೆಯವು ಹೆಚ್ಚು ಮನವೊಲಿಸುತ್ತವೆ ಎಂಬುದನ್ನೂ ಲೆಕ್ಕಕ್ಕಿಳಿಸಿತು.

ನಮ್ಮ ಬೀದಿಯ ತಿರುವಿನ ಎಳನೀರಿನವರಿಗೆ ಇದೆಲ್ಲ ಕೈಯಲ್ಲೇ ಇದೆ. ಗಂಜಿ ಬೇಕೆಂದರೆ ಮಚ್ಚಿನ ಹಿಂಬದಿಯಿಂದ ಕಾಯಿಗೆ ತಟ್ಟಿ, ಕಿವಿಗೊಟ್ಟು, ಎರಡು ಬದಿಗಿಟ್ಟು ಮೂರನೆಯದನ್ನು ಕೆತ್ತುತ್ತಾರೆ. ಸಿಹಿಯ ಮಾತು ಬಂದರೆ ತಟ್ಟುವುದಿಲ್ಲ. "ಮದ್ದೂರ್ ಲೋಡು, ಒಂದೇ ಗೊನೆದು, ಈಗ ಕುಡಿದವರನ್ನ ಕೇಳಿ" ಅನ್ನುತ್ತಾರೆ. ಗಂಜಿ ಕಾಯಿಂದ ಕಾಯಿಗೆ ಬೇರೆಯಾಗಬಹುದು, ಅದಕ್ಕೆ ಪ್ರತಿಯೊಂದನ್ನೂ ತಟ್ಟಬೇಕು; ರುಚಿ ಗೊನೆಗೆ ಸೇರಿದ್ದು, ಒಂದು ಸಾಕು. ಅಗುಳಿನ ಗಾದೆಯೂ ಹೀಗೇ. ಒಂದೇ ಪಾತ್ರೆ, ಒಂದೇ ನೀರು, ಒಂದೇ ಉರಿ. ಅದಕ್ಕೇ ಒಂದಗುಳು ಸಾಕು. ಕಲಕದೆ ಬಿಟ್ಟು ತಳ ಹಿಡಿದ ಪಾತ್ರೆಗೆ ಮೇಲಿನ ಅಗುಳು ಸಾಕ್ಷಿ ಹೇಳಲಾರದು.

ಈಚಿನ ಚರ್ಚೆಯಲ್ಲಿ ಎರಡು ಬಣಗಳಿವೆ. ಹಾನ್ ಮತ್ತು ಓಕ್ಸ್‌ಫರ್ಡ್ 2007ರಲ್ಲಿ, ಕುತರ್ಕಗಳೆಂದು ಪಟ್ಟಿಯಾದವೂ ಸಂದರ್ಭಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಬಲದವು, ಆ ಬಲವನ್ನು ಬೇಯ್ಸ್ ಲೆಕ್ಕದಿಂದ ಅಳೆಯಬಹುದು ಎಂದು ವಾದಿಸಿದರು. ವಾಲ್ಟನ್ ಹಾದಿಯವರಿಗೆ ಪ್ರಶ್ನೆಗಳ ಪಟ್ಟಿಯೇ ಮೇಲು. ಕೈಯಲ್ಲಿ ಅಂಕಿ ಇದ್ದಲ್ಲಿ ನಾನು ಮೊದಲನೆಯವರ ಕಡೆ. ಗೇಟಿನ ಮುಂದೆ ನಿಂತು ಮಾತಾಡುವಾಗ ಪ್ರಶ್ನೆಯೇ ದಾರಿ.

ಮೊನ್ನೆ ಮಾಲೀಕರನ್ನು ಅದೇ ಗೇಟಿನ ಹತ್ತಿರ ಮತ್ತೆ ಕೇಳಿದೆ: ಆ ಹುಡುಗ ಬಾಕಿ ಇಟ್ಟಾಗ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಬಹುದಿತ್ತಲ್ಲ? "ಎಲ್ಲಿ ಸಾರ್, ಪರಿಚಯದವರ ಕಡೆಯವನು ಅಂತ ಒಂದೇ ತಿಂಗಳದ್ದು ತಗೊಂಡಿದ್ದೆ. ಅಗ್ರಿಮೆಂಟೂ ಮಾಡಿಸಿರಲಿಲ್ಲ. ಅವನಿಗೂ ಪಾಪ ಕೆಲಸ ಹೋಗಿತ್ತು" ಅಂದರು. ಬೋರ್ಡಿನ ದಾರ ಸಡಿಲವಾಗಿತ್ತು, ಬಿಚ್ಚಿ ಮತ್ತೆ ಬಿಗಿದು ಕಟ್ಟಿದರು. ಒಳಗೆ ಹೋಗಲು ತಿರುಗಿದವರು ನಿಂತರು. "ಅವನಿಗಿಂತ ಮುಂಚೆ ಒಂದು ಫ್ಯಾಮಿಲಿ ಇತ್ತು ನೋಡಿ. ಮರೆತೇಬಿಟ್ಟಿದ್ದೆ. ಅವರೂ ನಾಲ್ಕು ತಿಂಗಳ ಕರೆಂಟ್ ಬಿಲ್ ಕಟ್ಟದೇ ಹೋದರು."