ಬಲಿಪೂಜೆ ಮತ್ತು ಆರಾಧನೆ: ಕ್ರೈಸ್ತ ಉಪಾಸನೆಯ ಎರಡು ಕನ್ನಡ ಪದಗಳು

ವಿಜಯಪುರ ನಗರದಲ್ಲಿ ಭಾನುವಾರ ಬೆಳಿಗ್ಗೆ ಕಥೋಲಿಕ ಮನೆಯವರು ‘ಪೂಜೆಗೆ ಹೋಗುತ್ತೇವೆ’ ಎನ್ನುತ್ತಾರೆ. ಪ್ರೊಟೆಸ್ಟಂಟ್ ಮನೆಯವರು ‘ಆರಾಧನೆಗೆ’ ಎನ್ನುತ್ತಾರೆ. ಇಬ್ಬರ ದೇವರೂ ಒಬ್ಬನೇ, ಧರ್ಮಗ್ರಂಥವೂ ಬಹುಮಟ್ಟಿಗೆ ಒಂದೇ. ಪದ ಮಾತ್ರ ಬೇರೆ. ಇದನ್ನು ಕೇವಲ ರೂಢಿಯ ಭೇದವೆಂದು ತಿಳಿದು ಮುಂದೆ ಸಾಗುವುದು ಸುಲಭ. ಆದರೆ ಇದರ ಹಿಂದೆ 16ನೆಯ ಶತಮಾನದ ಯುರೋಪಿನ ಒಂದು ವಾಗ್ವಾದವಿದೆ; ಅದಕ್ಕಿಂತ ಹಳೆಯದಾದ ಕನ್ನಡ ಪದಗಳ ಚರಿತ್ರೆಯೂ ಇದೆ. ಎರಡನ್ನೂ ಒಟ್ಟಿಗೆ ನೋಡದೆ ಕನ್ನಡ ಕ್ರೈಸ್ತ ಸಾಹಿತ್ಯವನ್ನು ಸರಿಯಾಗಿ ಓದಲು ಸಾಧ್ಯವಿಲ್ಲ.

ಕ್ರೈಸ್ತ ಧರ್ಮದ ಮೂಲ ಗ್ರಂಥಗಳಲ್ಲಿ ಉಪಾಸನೆಗೆ ಒಂದೇ ಪದವಿಲ್ಲ. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ‘ಪ್ರೊಸ್ಕುನೇಒ’ ಎಂದರೆ ಬಾಗಿ ನಮಸ್ಕರಿಸುವುದು. ‘ಲಾತ್ರೆಇಯ’ ಎಂದರೆ ದೇವರಿಗೆ ಸಲ್ಲಿಸುವ ಸೇವೆ. ‘ಲೆಇತೂರ್ಗಿಯ’ ಎಂಬುದು ಮೊದಲಿಗೆ ನಾಗರಿಕನು ಊರಿನ ಹಿತಕ್ಕಾಗಿ ಮಾಡುತ್ತಿದ್ದ ಕಾರ್ಯವನ್ನು ಸೂಚಿಸುತ್ತಿತ್ತು. ನಮಸ್ಕಾರ, ಸೇವೆ, ಸಮುದಾಯದ ಕಾರ್ಯ ಎಂಬ ಈ ಮೂರು ಅರ್ಥಗಳೂ ಮುಂದೆ ಒಂದಾಗಿ ಬೆಸೆದುಕೊಂಡವು. ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಸಮಾರ್ಯದ ಹೆಂಗಸು ಬೆಟ್ಟದ ಮೇಲಿನ ಪೂಜೆ ಸರಿಯೋ, ಜೆರುಸಲೇಮಿನದು ಸರಿಯೋ ಎಂಬ ಪ್ರಶ್ನೆಯನ್ನೆತ್ತುತ್ತಾಳೆ. ಯೇಸುವಿನ ಉತ್ತರ ಉಪಾಸನೆಯನ್ನು ಸ್ಥಳದಿಂದ ಬಿಡಿಸಿ ಆತ್ಮಕ್ಕೂ ಸತ್ಯಕ್ಕೂ ಕಟ್ಟುತ್ತದೆ. ಆಚರಣೆಯ ಸ್ವರೂಪವನ್ನು ತಿಳಿಯಲು ಕ್ರಿ.ಶ. 155ರ ಸುಮಾರಿಗೆ ಜಸ್ಟಿನ್ ಎಂಬ ಹುತಾತ್ಮನು ಬರೆದ ವಿವರಣೆ ನೆರವಾಗುತ್ತದೆ. ಭಾನುವಾರ ಎಲ್ಲರೂ ಒಂದೆಡೆ ಕೂಡುತ್ತಿದ್ದರು. ಗ್ರಂಥಪಠಣ, ಉಪದೇಶ, ಎದ್ದುನಿಂತು ಪ್ರಾರ್ಥನೆ, ಬಳಿಕ ರೊಟ್ಟಿ ಮತ್ತು ದ್ರಾಕ್ಷಾರಸದ ಹಂಚಿಕೆ. ಕೊನೆಗೆ ಅನಾಥರಿಗೂ ವಿಧವೆಯರಿಗೂ ಧನಸಂಗ್ರಹ. ಇಂದಿಗೂ ಚೌಕಟ್ಟು ಇದೇ.

ಭಿನ್ನಾಭಿಪ್ರಾಯ ಹುಟ್ಟಿದ್ದು ಆ ರೊಟ್ಟಿ ಮತ್ತು ದ್ರಾಕ್ಷಾರಸದ ಅರ್ಥದ ವಿಷಯದಲ್ಲಿ. ಶಿಲುಬೆಯ ಮೇಲೆ ಕ್ರಿಸ್ತನು ಒಮ್ಮೆಗೇ ತನ್ನನ್ನು ಅರ್ಪಿಸಿಕೊಂಡನು, ಆದ್ದರಿಂದ ಇನ್ನು ಪ್ರಾಣಿಬಲಿಗೆ ಅವಕಾಶವಿಲ್ಲ ಎಂಬುದನ್ನು ಎಲ್ಲ ಕ್ರೈಸ್ತರೂ ಒಪ್ಪುತ್ತಾರೆ. ಆ ಅರ್ಪಣೆಯೇ ಪೀಠದ ಮೇಲೆ ರಕ್ತರಹಿತವಾಗಿ ಸನ್ನಿಹಿತವಾಗುತ್ತದೆ ಎಂಬುದು ಕಥೋಲಿಕರ ನಂಬುಗೆ. ಲೂಥರ್, ಕ್ಯಾಲ್ವಿನ್ ಮೊದಲಾದ ಸುಧಾರಕರು ಇದನ್ನು ನಿರಾಕರಿಸಿದರು. ಬಲಿ ಮುಗಿದುಹೋಗಿದೆ, ಈಗ ಉಳಿದಿರುವುದು ವಾಕ್ಯವನ್ನು ಕೇಳುವುದು, ಕೃತಜ್ಞತೆಯಿಂದ ಸ್ಮರಿಸುವುದು ಎಂದರು. 1562ರಲ್ಲಿ ಟ್ರೆಂಟ್ ಮಹಾಸಭೆ ಕಥೋಲಿಕ ನಿಲುವನ್ನು ವಿಧಿರೂಪದಲ್ಲಿ ಸಾರಿತು. ಕನ್ನಡದ ಕಥೋಲಿಕರು ‘ಬಲಿಪೂಜೆ’, ‘ಪರಮಪ್ರಸಾದ’ ಎನ್ನುವುದೂ, ಪ್ರೊಟೆಸ್ಟಂಟರು ‘ಆರಾಧನೆ’, ‘ಕರ್ತನ ಭೋಜನ’ ಎನ್ನುವುದೂ ಈ ಕವಲಿನಿಂದಲೇ.

ಈ ವಾಗ್ವಾದ ನಡೆಯುತ್ತಿದ್ದ ಕಾಲಕ್ಕೇ ಬಿಜಾಪುರಕ್ಕೂ ಕ್ರೈಸ್ತ ಧರ್ಮಕ್ಕೂ ನಂಟು ಬೆಳೆದಿತ್ತು. 1561ರಲ್ಲಿ ಒಂದನೆಯ ಅಲಿ ಆದಿಲ್ ಶಾಹನ ಕೋರಿಕೆಯ ಮೇರೆಗೆ ಗೋವೆಯಿಂದ ಪಾದ್ರಿಗಳು ಅವನ ಆಸ್ಥಾನಕ್ಕೆ ಬಂದಿದ್ದರು. ರಾಯಚೂರು ಸೀಮೆಯ ಮುದಗಲ್ಲಿನ ಕಥೋಲಿಕ ಸಮುದಾಯದ ಬೇರು ಆದಿಲ್ ಶಾಹಿ ಕಾಲಕ್ಕೆ ಹೋಗುತ್ತದೆ. 1637ರಲ್ಲಿ ಗೋವೆಯ ದಿವಾಡಿ ದ್ವೀಪದ ಬ್ರಾಹ್ಮಣ ಮೂಲದ ಮತೇವುಸ್ ದ ಕಾಸ್ತ್ರೊ ರೋಮಿನಲ್ಲಿ ಬಿಷಪ್ ಪದವಿ ಪಡೆದು, ‘ಇದಲ್ಕಾನ್’ ಪ್ರಾಂತದ ಧರ್ಮಾಧಿಕಾರಿಯಾದನು. ಪೋರ್ಚುಗೀಸರ ಬಾಯಲ್ಲಿ ಆದಿಲ್ ಖಾನ್ ಪಡೆದ ರೂಪವೇ ಇದಲ್ಕಾನ್. ಅಂದರೆ ಆ ಪ್ರಾಂತ ಬಿಜಾಪುರ ರಾಜ್ಯವೇ. ಆದರೆ ಆ ಕಾಲದ ಪೂಜಾವಿಧಿ ಲ್ಯಾಟಿನ್ನಿನಲ್ಲಿತ್ತು. ಮೈಸೂರು ಸೀಮೆಯಲ್ಲಿ 17ನೆಯ ಶತಮಾನದ ಮಧ್ಯದಲ್ಲಿ ಲಿಯೊನಾರ್ಡೊ ಚಿನ್ನಮಿಯಂಥ ಜೆಸ್ವಿಟ್ ಪಾದ್ರಿ ಕನ್ನಡದಲ್ಲಿ ಧರ್ಮೋಪದೇಶವನ್ನು ಬರೆದನಾದರೂ, ಪೀಠದ ಮುಂದಿನ ಭಾಷೆ ಬದಲಾಗಲಿಲ್ಲ.

ಇನ್ನು ಕನ್ನಡ ಪದಗಳ ಕಡೆಗೆ ತಿರುಗೋಣ. ‘ಬಲಿ’ ಎಂಬ ಮಾತು ಜೈನ ಸಂಸ್ಕಾರದ ಕಿವಿಗೆ ಕರ್ಕಶವಾಗಿ ಕೇಳಿಸುತ್ತದೆ. 1209ರಲ್ಲಿ ರಚಿತವಾದ ಜನ್ನನ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪ ಹಿಂಸೆಯೇ ಭವಭವಾಂತರದ ದುಃಖಕ್ಕೆ ಕಾರಣವಾಗುತ್ತದೆ. ಆ ಕಾವ್ಯವನ್ನು ಓದಿದವನು ‘ಬಲಿಪೂಜೆ’ ಎಂಬ ಸಮಾಸವನ್ನು ಕಂಡು ಹಿಂಜರಿದರೆ ಅಚ್ಚರಿಯಿಲ್ಲ. ಆದರೆ ಬಲಿ ಎಂದರೆ ಕೊಲೆ ಮಾತ್ರವಲ್ಲ. ಕಾಣಿಕೆ, ನೈವೇದ್ಯ ಎಂಬುದು ಆ ಪದದ ಹಳೆಯ ಅರ್ಥ. ತಿಕೋಟಾ, ಬಬಲೇಶ್ವರದ ಹೊಲಗಳಲ್ಲಿ ಎಳ್ಳಮಾಸಿಯ ದಿನ ರೈತನು ಬೆಳೆಯ ನಡುವೆ ಚರಗ ಚೆಲ್ಲುತ್ತಾನಲ್ಲ, ಅದೂ ಅರ್ಪಣೆಯೇ. ಅಲ್ಲಿ ರಕ್ತವಿಲ್ಲ, ಬಳಿಕ ಎಲ್ಲರೂ ಕೂಡಿ ಉಣ್ಣುವ ಬುತ್ತಿಯಿದೆ. ಅರ್ಪಿಸುವುದು, ಅರ್ಪಿಸಿದ್ದನ್ನು ಹಂಚಿಕೊಂಡು ಉಣ್ಣುವುದು ಎಂಬ ಈ ಕ್ರಮವನ್ನು ಬಲ್ಲವನಿಗೆ ಕ್ರೈಸ್ತ ಬಲಿಪೂಜೆಯ ವಿನ್ಯಾಸ ಅಪರಿಚಿತವಾಗದು. ಎರಡರ ತತ್ತ್ವವೂ ಒಂದೇ ಎಂದು ಇದರ ಅರ್ಥವಲ್ಲ. ಪದದ ಒಳಗೆ ಹೋಗಲು ಇದೊಂದು ಬಾಗಿಲು, ಅಷ್ಟೆ.

‘ಆರಾಧನೆ’ಯ ಕಥೆ ಇನ್ನೂ ಸ್ವಾರಸ್ಯಕರ. ಕನ್ನಡದ ಪ್ರಾಚೀನ ಗದ್ಯಕೃತಿ ‘ವಡ್ಡಾರಾಧನೆ’ಯ ಹೆಸರಿನಲ್ಲೇ ಅದಿದೆ. ಜೈನ ಪರಿಭಾಷೆಯಲ್ಲಿ ದರ್ಶನ, ಜ್ಞಾನ, ಚಾರಿತ್ರ, ತಪ ಎಂಬ ನಾಲ್ಕನ್ನು ತನ್ನಲ್ಲಿ ಸಾಧಿಸಿಕೊಳ್ಳುವುದೇ ಆರಾಧನೆ. ಅಲ್ಲಿ ಅನುಗ್ರಹ ಕೊಡುವ ಸೃಷ್ಟಿಕರ್ತನಿಲ್ಲ. ಕ್ರೈಸ್ತ ಆರಾಧನೆಯಾದರೋ ಅಂಥ ಸೃಷ್ಟಿಕರ್ತನಿಗೆ ಮನುಷ್ಯನು ಕೊಡುವ ಉತ್ತರ. 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ, 1851ರಲ್ಲಿ ಗುಳೇದಗುಡ್ಡಗಳಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನವರು ಕನ್ನಡದಲ್ಲೇ ಆರಾಧನೆ ನಡೆಸಿದರು. ಅವರಲ್ಲಿ ಫರ್ಡಿನಾಂಡ್ ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ದೇಶೀ ಛಂದಸ್ಸಿಗೆ ಇಳಿಸಿದನು. 1872ರಲ್ಲಿ ಜೈನ ಕವಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದ ಅದೇ ವಿದ್ವಾಂಸನು ಯಜ್ಞವನ್ನು ಕುರಿತೂ ಪುಸ್ತಕ ಬರೆದನು. ವೈದಿಕ ಯಜ್ಞ, ಜೈನರ ಶಬ್ದಶಾಸ್ತ್ರ, ಕ್ರೈಸ್ತ ಆರಾಧನೆ ಈ ಮೂರೂ ಒಬ್ಬನ ಮೇಜಿನ ಮೇಲೆ ಕೂಡಿದ್ದವು.

ಕಥೋಲಿಕ ಪೂಜೆಗೆ ಕನ್ನಡ ದೊರೆತದ್ದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಉಪಾಸನಾವಿಧಿಯ ಶಾಸನವನ್ನು ಹೊರಡಿಸಿದ ಬಳಿಕ. 1969ರಲ್ಲಿ ಆರತಿ, ಎಣ್ಣೆದೀಪ, ಅಂಜಲಿಬದ್ಧ ನಮಸ್ಕಾರ ಮುಂತಾದ 12 ಅಂಶಗಳಿಗೆ ರೋಮ್ ಒಪ್ಪಿಗೆ ನೀಡಿತು. ಇದನ್ನು ಕೆಲವರು ಧರ್ಮ ಈ ನೆಲಕ್ಕೆ ಹೊಂದಿಕೊಂಡಿತು ಎಂದು ಸ್ವಾಗತಿಸಿದರು. ಕೆಲವರು ಅನುಮಾನದಿಂದ ನೋಡಿದರು. ಎರಡೂ ಪ್ರತಿಕ್ರಿಯೆಗಳ ಮೂಲದಲ್ಲಿರುವುದು ಪದವೂ ಮುದ್ರೆಯೂ ಯಾರ ಸ್ವತ್ತು ಎಂಬ ಪ್ರಶ್ನೆ.

ಪೂಜೆ, ಬಲಿ, ಪ್ರಸಾದ, ಆರಾಧನೆ ಇವು ಯಾವ ಒಂದು ಮತದ ಸ್ವತ್ತೂ ಅಲ್ಲ; ಹಲವು ಧರ್ಮಗಳು ಕನ್ನಡದಿಂದ ಪಡೆದ ಸಾಲ. ಸಾಲ ಪಡೆದವರು ಅದನ್ನು ತಮ್ಮ ವ್ಯವಹಾರಕ್ಕೆ ತಕ್ಕಂತೆ ಬಳಸುತ್ತಾರೆ. ಆದ್ದರಿಂದ ಮಿಶನರಿ ಸಾಹಿತ್ಯವನ್ನು ಓದುವ ವಿದ್ಯಾರ್ಥಿ ಅಲ್ಲಿನ ‘ಆರಾಧನೆ’ಗೆ ವಡ್ಡಾರಾಧನೆಯ ಅರ್ಥವನ್ನು ಹಚ್ಚಬಾರದು, ‘ಬಲಿ’ಗೆ ಯಶೋಧರನ ಪಾಪವನ್ನು ಹೊರಿಸಬಾರದು. ನಮಗೆ ಕರ್ಕಶವೆನಿಸಿದ ಪದ ನೆರೆಮನೆಯವನ ಬಾಯಲ್ಲಿ ಯಾವ ಅರ್ಥ ಹೊತ್ತಿದೆ ಎಂದು ಕೇಳಿ ತಿಳಿಯುವುದು ಸಂಶೋಧನೆಯ ಮೊದಲ ಪಾಠ. ಅನೇಕಾಂತವೂ ನಮ್ಮಿಂದ ಬಯಸುವುದು ಅಷ್ಟನ್ನೇ.