ಬೀಜ ಹಾಕಿದವ್ರು ಯಾರು?

ಎರಡು ವರ್ಷದ ಹಿಂದೆ, ಮುಂಗಾರು ಬೆಳೆ ಕೊಯ್ಲಿಗೆ ಬರೋ ಹೊತ್ತಿಗೆ ಅಪ್ಪ ಫೋನ್ ಮಾಡಿದ್ದ.

"ತಮ್ಮಾ, ನಮ್ಮ ಹೊಲದ ನಂಬರ್ ಬಂದೈತಂತ. ನಾಳೆ ಬಂದು ಸಜ್ಜಿ ಕೊಯ್ದು ತೂಕ ಮಾಡ್ತಾರಂತ."

"ಒಳ್ಳೇದಾತಲ್ಲಪ್ಪಾ."

"ಏನ್ ಒಳ್ಳೇದು? ಊರ ಮಂದಿ ಎಲ್ಲಾ ನನ್ನ ಮ್ಯಾಲೆ ಸಿಟ್ಟಾಗ್ಯಾರ. ಈ ನಂಬರ್ ಆರಿಸಿದವ್ರು ಯಾರು?"

"ಯಾರೂ ಅಲ್ಲ, ಕಂಪ್ಯೂಟರ್ ಆರಿಸತೈತಿ."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಕಂಪ್ಯೂಟರ್‌ಗೆ ಯಾರು ಹೇಳಿದ್ರು?"

ಎಂಜಿನಿಯರಿಂಗ್ ಓದಿ, ಆರು ವರ್ಷ ಕೋಡ್ ಬರೆದು ಸಂಬಳ ತಗೊಂಡವನು ನಾನು. ಉತ್ತರ ಬಾಯಿಗೆ ಬರಲಿಲ್ಲ. "ನಾಳೆ ಹೇಳ್ತೀನಿ" ಅಂತ ಫೋನ್ ಇಟ್ಟೆ. ಆ ನಾಳೆ ಬರೋಕೆ ಇಷ್ಟು ದಿನ ಹಿಡೀತು.

ಮೊದಲು ಜಗಳ ಏನು ಅಂತ ಹೇಳಿಬಿಡ್ತೀನಿ. ನಮ್ಮೂರು ಪಾಮನಕಲ್ಲೂರು. ಅಶೋಕನ ಹೆಸರಿರುವ ಶಾಸನ ಸಿಕ್ಕಿದ ಮಸ್ಕಿ ಇದೆಯಲ್ಲ, ಅದೇ ತಾಲೂಕು. ಮೊದಲು ಲಿಂಗಸುಗೂರು ತಾಲೂಕಿನಲ್ಲಿತ್ತು. ಅತ್ತ ಸಿಂಧನೂರಿನ ಕಡೆ ತುಂಗಭದ್ರೆ ಕಾಲುವೆ, ಭತ್ತದ ಗದ್ದೆ. ನಮ್ಮ ಕಡೆ ಮಳೆ ಬಂದರೆ ಬೆಳೆ. 5ಎ ಕಾಲುವೆ ಬೇಕು ಅಂತ 2020-21ರಲ್ಲಿ ನಮ್ಮೂರಲ್ಲಿ ತಿಂಗಳುಗಟ್ಟಲೆ ಧರಣಿ ನಡೆದದ್ದು ಇದಕ್ಕೇ.

ಇಂಥ ಕಡೆ ಬೆಳೆ ವಿಮೆ ಅಂದರೆ ಸಣ್ಣ ಮಾತಲ್ಲ. 2016ರಲ್ಲಿ ಶುರುವಾದ ಫಸಲ್ ಬಿಮಾ ಯೋಜನೆಯಲ್ಲಿ ಒಬ್ಬೊಬ್ಬರ ಹೊಲ ನೋಡಿ ಇಳುವರಿ ಲೆಕ್ಕ ಹಾಕೋದಿಲ್ಲ. ಮುಖ್ಯ ಬೆಳೆಯಾದರೆ ಇಡೀ ಗ್ರಾಮ ಪಂಚಾಯ್ತಿಗೆ ಕನಿಷ್ಠ ನಾಲ್ಕು ಹೊಲ ಆರಿಸ್ತಾರೆ. ಹೆಚ್ಚಿನ ಬೆಳೆಗಳಿಗೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಜಾಗ ಹಗ್ಗದಲ್ಲಿ ಗುರುತು ಮಾಡಿ, ಅಷ್ಟನ್ನೇ ಕೊಯ್ದು, ಕಾಳು ತೂಗಿ, ಸರಾಸರಿ ತೆಗೀತಾರೆ. ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದರ ಸರಾಸರಿಯಿಂದ ಒಂದು ಮಿತಿ ಗೊತ್ತು ಮಾಡಿರ್ತಾರೆ. ಈ ವರ್ಷದ ಸರಾಸರಿ ಅದಕ್ಕಿಂತ ಎಷ್ಟು ಕೆಳಗೆ ಬಿತ್ತೋ ಆ ಪ್ರಮಾಣದಲ್ಲಿ ಎಲ್ಲರಿಗೂ ಪರಿಹಾರ. ಅಂದರೆ ನೂರಾರು ಮನೆಗಳ ದುಡ್ಡು ಆ ನಾಲ್ಕು ಚೌಕದ ಮೇಲೆ ನಿಂತಿರುತ್ತೆ!

ನಮ್ಮ ಹೊಲ ಹಳ್ಳದ ದಂಡೆಗಿದೆ. ತೇವ ಸ್ವಲ್ಪ ಹೆಚ್ಚು ದಿನ ನಿಲ್ಲುತ್ತೆ. ಆ ವರ್ಷ ಎಲ್ಲರ ಸಜ್ಜೆ ಒಣಗಿದಾಗಲೂ ನಮ್ಮದು ಅಷ್ಟಿಷ್ಟು ತೆನೆ ಹಿಡಿದಿತ್ತು. ನಮ್ಮ ನಂಬರ್ ಬಂದರೆ ಸರಾಸರಿ ಏರುತ್ತೆ, ಊರವರ ಪರಿಹಾರ ಇಳಿಯುತ್ತೆ. ಅದಕ್ಕೇ ಸಿಟ್ಟು. ಈಗ ಅಪ್ಪನ ಪ್ರಶ್ನೆ ಯಾಕೆ ಅಷ್ಟು ದೊಡ್ಡದು ಅಂತ ನಿಮಗೂ ಗೊತ್ತಾಯ್ತಲ್ಲ.

ಇಂಥ ಆಯ್ಕೆಗೆ ನಮ್ಮ ಪಠ್ಯಪುಸ್ತಕದ ಕನ್ನಡದಲ್ಲಿ 'ಯಾದೃಚ್ಛಿಕ' ಅಂತಾರೆ. ಟೈಪ್ ಮಾಡೋಕೇ ಕಷ್ಟ, ಬಾಯಲ್ಲಿ ಹೇಳೋದಂತೂ ಬಿಡಿ. ಆದರೆ ಪದ ಬಹಳ ಹಳೇದು. ಈ ಜಗತ್ತಿಗೆ ಕಾರಣ ಯಾವುದು ಅಂತ ಕೇಳುತ್ತಾ ಶ್ವೇತಾಶ್ವತರ ಉಪನಿಷತ್ತು ಒಂದು ಪಟ್ಟಿ ಕೊಡುತ್ತೆ. ಕಾಲವೇ, ಸ್ವಭಾವವೇ, ನಿಯತಿಯೇ, ಯದೃಚ್ಛೆಯೇ ಅಂತ. ಎಲ್ಲ ಮೊದಲೇ ಬರೆದಿಟ್ಟಿದೆ ಅನ್ನೋದು ನಿಯತಿ, ಸುಮ್ಮನೆ ಆಗಿಬಿಟ್ಟಿತು ಅನ್ನೋದು ಯದೃಚ್ಛೆ. ಎರಡೂ ಒಂದೇ ಸಾಲಿನಲ್ಲಿವೆ, ಜಗಳ ಇನ್ನೂ ಮುಗಿದಿಲ್ಲ.

ಮಹಾಭಾರತದ ನಳನ ಕಥೆ ನೆನಪಿದೆಯಾ? ಜೂಜಿನಲ್ಲಿ ರಾಜ್ಯ ಕಳಕೊಂಡ ನಳ, ಋತುಪರ್ಣನ ಸಾರಥಿಯಾಗಿರ್ತಾನೆ. ದಾರಿಯಲ್ಲಿ ಋತುಪರ್ಣ ಒಂದು ತಾರೆ ಮರ ನೋಡಿ ಅದರ ಕೊಂಬೆಗಳಲ್ಲಿ ಎಷ್ಟು ಎಲೆ, ಎಷ್ಟು ಕಾಯಿ ಅಂತ ಹೇಳಿಬಿಡ್ತಾನೆ. ನಳ ಇಳಿದು ಎಣಿಸಿದರೆ ಸರಿ ಇರುತ್ತೆ! ಈ ವಿದ್ಯೆ ದಾಳದ ಮರ್ಮ ತಿಳಿದವನಿಗೆ ಗೊತ್ತು ಅನ್ನೋದು ಕಥೆಯ ಮಾತು. ಆ ಕಾಲದ ದಾಳವೂ ತಾರೆಕಾಯಿಯೇ. ಸಂಭವನೀಯತೆಯ ಇತಿಹಾಸ ಬರೆದ ಇಯಾನ್ ಹ್ಯಾಕಿಂಗ್ 1975ರ ಪುಸ್ತಕದಲ್ಲಿ ಈ ಕಥೆಯನ್ನು ಎತ್ತಿಕೊಂಡಿದ್ದಾನೆ. ಜೂಜು ಮತ್ತು ಬೆಳೆ ಅಂದಾಜು ಒಂದೇ ಮರದ ಕೆಳಗೆ ಹುಟ್ಟಿದವು ಅಂತ ನನಗನ್ನಿಸುತ್ತೆ.

ಆದರೆ ನಿಜ ಜೀವನದಲ್ಲಿ ಋತುಪರ್ಣರು ಸಿಗೋದಿಲ್ಲ. ಹಿಂದೆಲ್ಲ ಇದ್ದದ್ದು ಆಣೆವಾರಿ. ಪೂರ್ತಿ ಬೆಳೆ ಅಂದರೆ ಹದಿನಾರಾಣೆ. ಸರ್ಕಾರದ ಮನುಷ್ಯ ಹೊಲದ ಬದುವಿನ ಮೇಲೆ ನಿಂತು ಎಂಟಾಣೆ, ಆರಾಣೆ ಅಂತ ಕಣ್ಣಂದಾಜಿನಲ್ಲಿ ಬರೆಯೋದು. ಇದು ಸಾಲದು ಅಂತ 1923ರ ಸುಮಾರಿಗೆ ಬಿಹಾರ-ಒರಿಸ್ಸಾದಲ್ಲಿ ಜಾನ್ ಹಬ್ಯಾಕ್ ಅನ್ನೋ ಐಸಿಎಸ್ ಅಧಿಕಾರಿ ಭತ್ತದ ಗದ್ದೆಗಳಲ್ಲಿ ಅಲ್ಲಲ್ಲಿ ಸಣ್ಣ ತುಂಡು ಕೊಯ್ದು ತೂಗಿ ನೋಡಿದ. ಆರಿಸೋ ಕೆಲಸ ಮನುಷ್ಯನ ಇಷ್ಟಕ್ಕೆ ಬಿಡಬಾರದು ಅನ್ನೋದು ಅವನ ಹಟ. ಬಿಟ್ಟರೆ ಕಣ್ಣು ತಾನಾಗಿಯೇ ಚೆನ್ನಾಗಿ ಬೆಳೆದ ಕಡೆ ಹೋಗುತ್ತೆ. 1927ರಲ್ಲಿ ಅವನ ವರದಿ ಪ್ರಕಟವಾಯ್ತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಟಿಪ್ಪೆಟ್ ಅನ್ನುವವನು ಜನಗಣತಿ ವರದಿಗಳಿಂದ 41,600 ಅಂಕಿಗಳನ್ನು ಹೆಕ್ಕಿ ಒಂದು ಪುಸ್ತಕ ಮಾಡಿದ. ಬರೀ ಅಂಕಿ, ಅರ್ಥವೇ ಇಲ್ಲದ ಅಂಕಿ. ಅರ್ಥ ಇಲ್ಲದಿರೋದೇ ಅದರ ಬೆಲೆ! ಮುಂದೆ ಮಹಲನೋಬಿಸ್ 1931ರಲ್ಲಿ ಕಲ್ಕತ್ತೆಯಲ್ಲಿ ಕಟ್ಟಿದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಸೆಣಬಿನ ಹೊಲಗಳಲ್ಲಿ ಇಂಥ ಮಾದರಿ ಸಮೀಕ್ಷೆಯನ್ನು ದೊಡ್ಡ ಪ್ರಮಾಣದಲ್ಲಿ ಮಾಡಿತು. ಅಪ್ಪನ ಹೊಲಕ್ಕೆ ಬಂದ ಹಗ್ಗ ಹೊರಟದ್ದು ಅಲ್ಲಿಂದ.

ಆ ಕಲ್ಕತ್ತೆಯ ಸಂಸ್ಥೆಗೆ 1941ರಲ್ಲಿ ಸೇರಿದ ಒಬ್ಬ ಹುಡುಗ ನಮ್ಮ ಕಡೆಯವರು ಅನ್ನೋದು ನನಗೆ ಗೊತ್ತಾದದ್ದು ತಡವಾಗಿ. ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ತುಂಗಭದ್ರೆಯ ಆಚೆಗಿನ ಹೂವಿನ ಹಡಗಲಿಯಲ್ಲಿ. ಎಂಟನೇ ಮಗು, ಅದಕ್ಕೇ ಕೃಷ್ಣನ ಹೆಸರಿನಲ್ಲಿ ರಾಧಾಕೃಷ್ಣ. ಸಂಖ್ಯಾಶಾಸ್ತ್ರ ಓದಿದವರಿಗೆ 1945ರ ಕ್ರೇಮರ್-ರಾವ್ ಮಿತಿ ಗೊತ್ತು. 2023ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ಆಗಸ್ಟಿನಲ್ಲಿ, 102 ವರ್ಷದವರಾಗಿದ್ದಾಗ ತೀರಿಕೊಂಡರು. ಅವರ 'ಸ್ಟಾಟಿಸ್ಟಿಕ್ಸ್ ಅಂಡ್ ಟ್ರೂತ್' ಪುಸ್ತಕ ಶುರುವಾಗೋದೇ ಅನಿಶ್ಚಿತತೆ ಮತ್ತು ಯಾದೃಚ್ಛಿಕತೆಯಿಂದ. ಆಸ್ಪತ್ರೆಯಲ್ಲಿ ಸಾಲಾಗಿ ಹುಟ್ಟಿದ ಗಂಡು-ಹೆಣ್ಣು ಮಕ್ಕಳ ಪಟ್ಟಿಯನ್ನೂ, ಮನುಷ್ಯರು ತಲೆಯಲ್ಲೇ ಕಲ್ಪಿಸಿಕೊಂಡ ನಾಣ್ಯದ ಚಿಮ್ಮುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದಾರೆ.

ನಾನೂ ಊರಿಗೆ ಹೋದಾಗ ಅಕ್ಕನ ಮಗಳ ಮೇಲೆ ಪ್ರಯೋಗ ಮಾಡಿದೆ. "ನಾಣ್ಯ ಚಿಮ್ಮದೇ, ಚಿಮ್ಮಿದ ಹಾಗೆ ನೂರು ಸಲ ರಾಜ-ರಾಣಿ ಬರಿ ಪುಟ್ಟಿ" ಅಂದೆ. ಬರೆದಳು. ಅಲ್ಲಿ ಒಂದೇ ಮುಖ ಸತತ ಮೂರಕ್ಕಿಂತ ಹೆಚ್ಚು ಸಲ ಬಂದೇ ಇಲ್ಲ. ನಿಜವಾದ ನಾಣ್ಯವನ್ನು ನೂರು ಸಲ ಚಿಮ್ಮಿದರೆ, ಎಲ್ಲೋ ಒಂದು ಕಡೆ ಒಂದೇ ಮುಖ ಸತತ ಆರು ಸಲ ಬೀಳೋ ಸಾಧ್ಯತೆ ಹೆಚ್ಚೂ ಕಡಿಮೆ ಐದರಲ್ಲಿ ನಾಲ್ಕು. ನಮ್ಮ ಮನಸ್ಸು ಹಂಗೆ ಬಿಡೋದಿಲ್ಲ. ಎರಡು ರಾಜ ಆಯ್ತು, ಇನ್ನು ರಾಣಿಗೆ ಕೊಡೋಣ ಅನ್ನುತ್ತೆ. ನ್ಯಾಯ ಮಾಡೋಕೆ ಹೋಗಿ ಸಿಕ್ಕಿಬೀಳುತ್ತೆ. ಹಾಗಾಗಿ ಹೊಲ ಆರಿಸೋ ಕೆಲಸ ಮನುಷ್ಯನಿಗೆ ಬೇಡ ಅನ್ನೋದಂತೂ ಖಾತ್ರಿ.

ಸರಿ, ಕಂಪ್ಯೂಟರಿಗೆ ಕೊಡೋಣ. ಕಂಪ್ಯೂಟರ್ ಹೇಳಿದ್ದು ಮಾಡುತ್ತೆ, ಅಷ್ಟೇ. ಅದಕ್ಕೆ 'ಹೇಳದೇ ಇದ್ದದ್ದು ಮಾಡು' ಅಂತ ಹೇಳೋದು ಹೇಗೆ? 1940ರ ದಶಕದ ಕೊನೆಗೆ ಫಾನ್ ನಾಯ್ಮನ್ ಒಂದು ಉಪಾಯ ಮಾಡಿದ. ನಾಲ್ಕಂಕಿಯ ಸಂಖ್ಯೆ ತಗೊಳ್ಳಿ, ವರ್ಗ ಮಾಡಿ, ನಡುವಿನ ನಾಲ್ಕಂಕಿ ಎತ್ತಿಕೊಳ್ಳಿ. 1234ರ ವರ್ಗ 01522756. ನಡುವಿನದು 5227. ಅದರ ವರ್ಗ 27321529, ನಡುವಿನದು 3215. ನೋಡೋಕೆ ಚೆಲ್ಲಾಪಿಲ್ಲಿ. ಆದರೆ 2500ರಿಂದ ಶುರು ಮಾಡಿ ನೋಡಿ. ವರ್ಗ 06250000, ನಡುವಿನದು ಮತ್ತೆ 2500! ಗಾಣದ ಎತ್ತು ಆದರೂ ಸುತ್ತುತ್ತೆ, ಇದು ನಿಂತಲ್ಲೇ ನಿಂತುಬಿಡುತ್ತೆ. ಗಣಿತದ ಸೂತ್ರದಿಂದ ಯಾದೃಚ್ಛಿಕ ಅಂಕಿ ಮಾಡ್ತೀವಿ ಅನ್ನೋದು ಪಾಪದ ಕೆಲಸ ಅಂತ ಅವನೇ ತಮಾಷೆ ಮಾಡಿದ್ದ.

ಈಗಿನ ಸೂತ್ರಗಳು ಬಹಳ ಜಾಣ. 1998ರಲ್ಲಿ ಪ್ರಕಟವಾದ ಮರ್ಸೆನ್ ಟ್ವಿಸ್ಟರ್ ತನ್ನ ಸರಣಿಯನ್ನು ಮತ್ತೆ ಮೊದಲಿಂದ ಶುರು ಮಾಡೋದು 2ರ 19937ನೇ ಘಾತದಷ್ಟು ದೂರ ಹೋದ ಮೇಲೆ. ಆದರೂ ಅದರ 624 ಉತ್ತರ ಸಾಲಾಗಿ ಸಿಕ್ಕರೆ ಮುಂದಿನದೆಲ್ಲ ಹೇಳಿಬಿಡಬಹುದು. ಯಾಕಂದರೆ ಎಲ್ಲಕ್ಕೂ ಮೊದಲು ಅದಕ್ಕೊಂದು ಶುರುವಿನ ಸಂಖ್ಯೆ ಕೊಡಬೇಕು. ಅದಕ್ಕೆ ನಮ್ಮ ಭಾಷೆಯಲ್ಲಿ 'ಸೀಡ್' ಅಂತಾರೆ, ಅಂದರೆ ಬೀಜ. ಅದೇ ಬೀಜ ಹಾಕಿದರೆ ಅದೇ ಬೆಳೆ, ಒಂದು ಕಾಳೂ ಆಚೀಚೆ ಇಲ್ಲ. ಡೆಬಿಯನ್ ಲಿನಕ್ಸ್‌ನಲ್ಲಿ 2006ರಲ್ಲಿ ಓಪನ್ಎಸ್ಎಸ್ಎಲ್‌ನಿಂದ ಯಾರೋ ಎರಡು ಸಾಲು ಕೋಡ್ ತೆಗೆದರು. ಬೀಜ ಬೆರೆಸೋ ಸಾಲುಗಳು ಅವು. 2008ರ ಮೇ ತಿಂಗಳಲ್ಲಿ ಗೊತ್ತಾಗೋ ಹೊತ್ತಿಗೆ ಒಂದೊಂದು ಬಗೆಯ ಕೀಲಿಗೂ ಬರೀ 32,768 ಸಾಧ್ಯತೆ ಉಳಿದಿತ್ತು. ಕಳ್ಳ ಒಂದೊಂದಾಗಿ ಹಾಕಿ ನೋಡಬಹುದಾದಷ್ಟು.

ಅಪ್ಪ ಕೇಳಿದ್ದು ಇದನ್ನೇ ಅಲ್ವಾ? ಕಂಪ್ಯೂಟರ್‌ಗೆ ಯಾರು ಹೇಳಿದ್ರು ಅಂದರೆ, ಬೀಜ ಹಾಕಿದವ್ರು ಯಾರು ಅಂತ.

ಕಂಪ್ಯೂಟರ್ ಬಿಟ್ಟು ಪ್ರಕೃತಿಯಿಂದಲೇ ಬೀಜ ತರಬಹುದಾ? ನಾಣ್ಯವೂ ನ್ಯೂಟನ್ನನ ನಿಯಮದಲ್ಲೇ ಹಾರೋದು. 2023ರಲ್ಲಿ ಒಂದಷ್ಟು ಸಂಶೋಧಕರು ಸೇರಿ 3,50,757 ಸಲ ನಾಣ್ಯ ಚಿಮ್ಮಿ ನೋಡಿದರು. ಮೇಲಿದ್ದ ಮುಖವೇ ಮೇಲೆ ಬಿದ್ದದ್ದು ಶೇ. 50.8. ನಾಣ್ಯಕ್ಕೂ ಸ್ವಲ್ಪ ಪಕ್ಷಪಾತ! ಹಾಗಾಗಿ ಅಣುವಿನ ಒಳಗೇ ಇಳಿಯಬೇಕು. ಕ್ವಾಂಟಂ ಸಿದ್ಧಾಂತ ಬರೀ ಸಾಧ್ಯತೆ ಹೇಳುತ್ತೆ ಅಂತ ಮ್ಯಾಕ್ಸ್ ಬಾರ್ನ್ 1926ರಲ್ಲಿ ಹೇಳಿದ. ಐನ್‌ಸ್ಟೈನ್ ಒಪ್ಪಲಿಲ್ಲ, ಒಳಗೆ ನಮಗೆ ಕಾಣದ ಲೆಕ್ಕ ಇರಬೇಕು ಅನ್ನೋದು ಅವನ ವಾದ. ಇದನ್ನು ಪರೀಕ್ಷಿಸೋ ದಾರಿಯನ್ನು 1964ರಲ್ಲಿ ಜಾನ್ ಬೆಲ್ ತೋರಿಸಿದ. ಪ್ರಯೋಗ ಮಾಡಿದ ಕ್ಲೌಸರ್, ಆಸ್ಪೆ, ಝೈಲಿಂಗರ್ ಅವರಿಗೆ 2022ರಲ್ಲಿ ನೊಬೆಲ್ ಬಂತು. ಐನ್‌ಸ್ಟೈನ್ ಬಯಸಿದಂಥ ಲೆಕ್ಕ ಒಳಗೆ ಕಾಣಲಿಲ್ಲ.

ಇದರ ತಮ್ಮನಂಥ ಪ್ರಯೋಗ ಬೆಂಗಳೂರಿನ ಸದಾಶಿವನಗರದಲ್ಲೇ ನಡೆದಿದೆ. 1948ರಲ್ಲಿ ಸಿ.ವಿ. ರಾಮನ್ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಅವರ ತಂಡ, ಬೆಳಕಿನ ಕಣಗಳನ್ನು ಒಂದೊಂದಾಗಿ ಬಿಟ್ಟು ಬೇರೆ ಬೇರೆ ಸಮಯದ ಅಳತೆಗಳನ್ನು ಹೋಲಿಸಿತು. ಕಣದ ಸ್ಥಿತಿ ನಾವು ನೋಡೋಕೆ ಮುಂಚೆಯೇ ಗಟ್ಟಿಯಾಗಿದ್ದರೆ ಆ ಹೋಲಿಕೆ ಒಂದು ಮಿತಿ ದಾಟಬಾರದು. 1985ರಲ್ಲಿ ಲೆಗ್ಗೆಟ್ ಮತ್ತು ಗಾರ್ಗ್ ಹಾಕಿದ ಮಿತಿ ಅದು. ಪ್ರಯೋಗದಲ್ಲಿ ದಾಟಿತು. ಅದನ್ನೇ ಆಧಾರ ಮಾಡಿಕೊಂಡು ಒಂಬತ್ತು ಲಕ್ಷಕ್ಕೂ ಹೆಚ್ಚು ಬಿಟ್‌ಗಳನ್ನು, ಸೆಕೆಂಡಿಗೆ ಸುಮಾರು ನಾಲ್ಕು ಸಾವಿರದ ಲೆಕ್ಕದಲ್ಲಿ ತೆಗೆದು 2024ರಲ್ಲಿ ಪ್ರಕಟಿಸಿದರು. ಯಾರೂ ಮುಂಚೆ ಹೇಳಲಾಗದ ಬಿಟ್‌ಗಳು ಅಂತ ಪ್ರಮಾಣಪತ್ರ ಸಮೇತ!

ಇನ್ನೇನು ಅಪ್ಪನಿಗೆ ಉತ್ತರ ಸಿಕ್ಕಿತು ಅಂದುಕೊಂಡೆ. ಆದರೆ ಬೆಲ್ ಹೇಳಿದ ಪರೀಕ್ಷೆಗೊಂದು ಷರತ್ತಿದೆ. ಯಾವ ಅಳತೆ ಯಾವಾಗ ಮಾಡೋದು ಅಂತ ಆರಿಸಬೇಕಲ್ಲ, ಆ ಆಯ್ಕೆಗೂ ಕಣಕ್ಕೂ ಮೊದಲೇ ಒಳಒಪ್ಪಂದ ಇಲ್ಲ ಅಂತ ನಾವು ನಂಬಬೇಕು. ಯಾದೃಚ್ಛಿಕತೆಗೆ ಪ್ರಮಾಣಪತ್ರ ಬೇಕಾದರೆ ಮೊದಲು ಚೂರು ಯಾದೃಚ್ಛಿಕತೆ ಕೈಯಲ್ಲಿರಬೇಕು. ವಿಶ್ವದ ತಳಕ್ಕೆ ಇಳಿದರೂ ಅದೇ ಪ್ರಶ್ನೆ ಕೂತಿದೆ. ಈ ಬೀಜ ಎಲ್ಲಿಂದ ತಂದಿರಿ?

ನನ್ನ ಮಟ್ಟಿಗೆ ಅರ್ಥ ಆದದ್ದು ಇಷ್ಟು. ಮನಸ್ಸಿನಲ್ಲಿ ಯಾದೃಚ್ಛಿಕತೆ ಇಲ್ಲ ಅನ್ನುವಷ್ಟು ಕಡಿಮೆ. ಕಂಪ್ಯೂಟರಿನಲ್ಲಿ ಇರೋದು ಹೊರಗಿಂದ ತಂದು ಹಾಕಿದಷ್ಟೇ. ವಿಶ್ವದಲ್ಲಿ ಇದೆ ಅನ್ನೋಕೆ ಬಲವಾದ ಸಾಕ್ಷಿ ಇದೆ, ಪೂರ್ತಿ ಸಾಬೀತು ಆಗೋದು ಕಷ್ಟ. ಆದರೆ ನಮ್ಮೂರ ಜಗಳಕ್ಕೆ ವಿಶ್ವದ ಉತ್ತರ ಬೇಕಾಗಿಲ್ಲ. ನಂಬರ್ ಬೀಳೋ ಮುಂಚೆ ಯಾರಿಗೂ ಗೊತ್ತಿರಲಿಲ್ಲ, ಯಾರ ಕೈಯೂ ಆಡಲಿಲ್ಲ ಅಂತ ಎಲ್ಲರೂ ಕಣ್ಣಾರೆ ನೋಡಬೇಕು, ಅಷ್ಟೇ. ತಮಿಳುನಾಡಿನ ಉತ್ತರಮೇರೂರಿನ ಚೋಳರ ಕಾಲದ ಶಾಸನಗಳಲ್ಲಿ (919 ಮತ್ತು 921) ಊರ ಸಮಿತಿಗೆ ಜನರನ್ನು ಆರಿಸೋ ಕ್ರಮ ಇದೆ. ಹೆಸರು ಬರೆದ ಓಲೆಗಳನ್ನು ಗಡಿಗೆಗೆ ಹಾಕಿ, ಸಭೆಯ ನಡುವೆ, ಒಳಗೇನಿದೆ ಅಂತ ತಿಳಿಯದ ಸಣ್ಣ ಹುಡುಗನ ಕೈಯಲ್ಲಿ ಎತ್ತಿಸೋದು. ಸಾವಿರದ ನೂರು ವರ್ಷದ ಹಿಂದೆಯೇ ಅವರಿಗೆ ಅಪ್ಪನ ಪ್ರಶ್ನೆ ಗೊತ್ತಿತ್ತು! ಸರ್ವೆ ನಂಬರ್ ಕಂಪ್ಯೂಟರೇ ಆರಿಸಲಿ, ಬೇಡ ಅನ್ನೋದಿಲ್ಲ. ಆದರೆ ಆ ಬೀಜದ ನಾಲ್ಕಂಕಿಯನ್ನು ಗ್ರಾಮಸಭೆಯಲ್ಲಿ ಒಂದು ಮಗು ಗಡಿಗೆಯಿಂದ ಎತ್ತಲಿ. ಸೂತ್ರವನ್ನು ಪಂಚಾಯ್ತಿ ಗೋಡೆಗೆ ಅಂಟಿಸಲಿ. ಅನುಮಾನ ಬಂದವರು ಅದೇ ಬೀಜ ಹಾಕಿ ಅದೇ ಬೆಳೆ ಬರುತ್ತಾ ಅಂತ ನೋಡಿಕೊಳ್ಳಲಿ.

ಮಾರನೇ ದಿನ ನಮ್ಮ ಹೊಲದಲ್ಲಿ ಏನಾಯ್ತು ಅಂದರೆ, ಹಗ್ಗ ಹಿಡಿದು ಬಂದವರ ಜೊತೆ ಹತ್ತಾರು ಜನ ಬಂದಿದ್ದರು. "ಅಕಾ, ಆ ಮೂಲ್ಯಾಗ ಒಣಗೈತಿ, ಅಲ್ಲೇ ಹಾಕಿಸು" ಅಂದರಂತೆ ಹಿರಿಯರೊಬ್ಬರು. ಹೆಜ್ಜೆ ಎಣಿಸಿ ಹೋಗಿ ನಿಲ್ಲಬೇಕಾದ ಜಾಗಕ್ಕೂ ಒಂದು ಜೋಡಿ ನಂಬರ್ ಇರುತ್ತೆ. ಅದು ತೋರಿಸಿದ್ದು ಹಳ್ಳದ ಕಡೆಯ ಹಸಿರು. ಅಪ್ಪ ಏನೂ ಮಾತಾಡದೆ ತಾನೇ ಹೆಜ್ಜೆ ಎಣಿಸಿ ಅಲ್ಲೇ ಗೂಟ ಹೊಡೆದನಂತೆ. ಆ ವರ್ಷ ಪರಿಹಾರ ಬಂತು, ಕಡಿಮೆ ಬಂತು. ಎರಡು ಮನೆಯವರು ದೀಪಾವಳಿವರೆಗೂ ಅಪ್ಪನ ಜೊತೆ ಮಾತು ಬಿಟ್ಟಿದ್ದರು.

"ಮೂಲ್ಯಾಗ ಹಾಕಿಸಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ ಅಲ್ಲಪ್ಪಾ?" ಅಂತ ಆಮೇಲೆ ಕೇಳಿದೆ.

"ನನಗ ಗೊತ್ತಾಗ್ತಿತ್ತಲ್ಲೋ" ಅಂದ.

ನಿಮ್ಮೂರಲ್ಲಿ ಹೊಲ ಆರಿಸೋದನ್ನು ಯಾರಾದರೂ ಕಣ್ಣಾರೆ ನೋಡಿದ್ದೀರಾ? ನೋಡಿದ್ದರೆ ಬರೆಯಿರಿ, ಅಪ್ಪನಿಗೆ ಓದಿ ಹೇಳ್ತೀನಿ.