ನೆಲ ಬಿಟ್ಟೇಳುವ ರೂಢಿ

ಬಸ್ಕಿ ಎಂದರೆ ಗರಡಿಮನೆ ನೆನಪಾಗುತ್ತದೆ, ಇಲ್ಲವೇ ಮೇಷ್ಟರು ಕೊಡುತ್ತಿದ್ದ ಶಿಕ್ಷೆ. ಆದರೆ ಬೆಂಗಳೂರಿನ ಹೆಚ್ಚಿನ ಜನರ ತೊಡೆಗೆ ಕಸುವು ಕೊಟ್ಟದ್ದು ಗರಡಿಯಲ್ಲ, ಮನೆಯ ನೆಲ. 1945ರಲ್ಲಿ ರಚನೆಯಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಊರಿನ ಪಶ್ಚಿಮಕ್ಕೆ ರಾಜಾಜಿನಗರದಂಥ ಬಡಾವಣೆಗಳನ್ನು ಬೆಳೆಸಿದಾಗ, ಅಲ್ಲಿಗೆ ಬಂದ ಸಂಸಾರಗಳು ನೆಲದ ಬದುಕನ್ನೂ ಜೊತೆಗೆ ತಂದವು. ಊಟಕ್ಕೆ ಮಣೆ, ಹೆಚ್ಚುವುದಕ್ಕೆ ಈಳಿಗೆಮಣೆ, ರುಬ್ಬುವುದಕ್ಕೆ ಒರಳು, ಮಲಗುವುದಕ್ಕೆ ಚಾಪೆ, ಶೌಚಕ್ಕೆ ಕುಕ್ಕರಗಾಲು. ಪ್ರತಿಯೊಂದಕ್ಕೂ ಇಳಿಯಬೇಕಿತ್ತು, ಇಳಿದವರು ಏಳಲೇಬೇಕಿತ್ತು. ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ತರುಣರ ಮೈ ಹುರಿಗೊಳಿಸಿದರು. ಅವರ ಹೆಸರು ಉಳಿದಿದೆ, ಉಳಿಯಬೇಕಾದದ್ದೇ. ಅಡುಗೆಮನೆಯಲ್ಲಿ ದಿನವಿಡೀ ಕೂತೆದ್ದ ಹೆಂಗಸರನ್ನು ಮಾತ್ರ ವ್ಯಾಯಾಮದ ಚರಿತ್ರೆಯೊಳಗೆ ನಾವು ಸೇರಿಸುವುದೇ ಇಲ್ಲ.

ಆ ಏಳುವಿಕೆಯಲ್ಲಿ ಮೈ ಮಾಡುತ್ತಿದ್ದ ಕೆಲಸ ಸಣ್ಣದಲ್ಲ. ಕುರ್ಚಿಯಲ್ಲಿ ಕೂತವರ ಮಂಡಿ ಹೆಚ್ಚುಕಡಿಮೆ 90 ಡಿಗ್ರಿ ಮಡಿಸಿರುತ್ತದೆ. ಏಳಲು ಹೊರಟಾಗ ಪಾದ ಹಿಂದಕ್ಕೆ ಸರಿಯುತ್ತದೆ, ಸೊಂಟದ ಕೀಲು ಬಾಗಿ ಎದೆ ಮುಂದಕ್ಕೆ ವಾಲುತ್ತದೆ. ಮೈಭಾರ ಪಾದದ ಮೇಲೆ ಬಂದ ಮೇಲೆ ತೊಡೆಯ ಮುಂಭಾಗದ ನಾಲ್ಕು ಸ್ನಾಯುಗಳ ಗುಂಪು ಮಂಡಿಯನ್ನು, ಪೃಷ್ಠದ ದೊಡ್ಡ ಸ್ನಾಯು ಸೊಂಟವನ್ನು ನೆಟ್ಟಗಾಗಿಸುತ್ತವೆ. ತೊಡೆಯ ಎಳೆತವನ್ನು ಮಂಡಿಚಿಪ್ಪು ಬಾವಿಯ ರಾಟೆಯ ಹಾಗೆ ಮೊಣಕಾಲ ಕೆಳಗಿನ ಮೂಳೆಗೆ ದಾಟಿಸುತ್ತದೆ. ಮೀನಖಂಡ ಮೈ ಮುಗ್ಗರಿಸದಂತೆ ಹಿಡಿಯುತ್ತದೆ. ಕುಕ್ಕರಗಾಲಿನಲ್ಲಾದರೆ ಮಂಡಿ 130 ಡಿಗ್ರಿಯನ್ನೂ ಮೀರಿ ಮಡಿಸುತ್ತದೆ, ಕಾಲಗಂಟೂ ಚೆನ್ನಾಗಿ ಬಾಗಬೇಕು, ಭಾರವನ್ನು ಇನ್ನೂ ಕೆಳಗಿನಿಂದ ಎತ್ತಬೇಕು. ಚಕ್ಕಳಮಕ್ಕಳ ಹಾಕಿ ಕೂತು ಏಳುವವರಿಗೆ ಇದರ ಜೊತೆ ಸಮತೋಲವೂ ಬೇಕು. ಬಳಸದ ಬಾಗನ್ನು ಕೀಲು, ಬಳಸದ ಬಲವನ್ನು ಸ್ನಾಯು ಮೆಲ್ಲಗೆ ಕಳೆದುಕೊಳ್ಳುತ್ತವೆ.

ಕಳೆದುಕೊಂಡ ಬಗೆ ನಮ್ಮ ಮನೆಗಳಲ್ಲೇ ಕಾಣುತ್ತದೆ. ಗ್ಯಾಸ್ ಒಲೆ ಬಂದು ಅಡುಗೆ ಕಟ್ಟೆ ಹತ್ತಿತು, ಮಿಕ್ಸಿ ಬಂದು ಒರಳು ಮೂಲೆ ಸೇರಿತು. ವಿಜಯನಗರ, ಬಸವೇಶ್ವರನಗರದ ಕಲ್ಯಾಣಮಂಟಪಗಳಲ್ಲಿ ಬಾಳೆಎಲೆ ಮೇಜಿನ ಮೇಲೆ ಬಂತು. ಕೆಂಗೇರಿಯ ಅಪಾರ್ಟ್‌ಮೆಂಟುಗಳಲ್ಲಿ ಕಮೋಡೇ ವಾಡಿಕೆ. ಒಂದೊಂದೂ ಅನುಕೂಲವೇ, ಎಲ್ಲ ಕೂಡಿದಾಗ ನೆಲಕ್ಕಿಳಿಯುವ ಕಾರಣವೇ ಉಳಿಯಲಿಲ್ಲ.

ಹೆಂಗಸರ ಸೊಂಟ ಮುರಿದ ದುಡಿಮೆಯನ್ನು ಹೊಗಳುವುದು ಸರಿಯೇ ಎಂದು ಕೇಳಬಹುದು. ಸರಿಯಲ್ಲ. ಪಂಕ್ತಿಭೇದ ನಡೆದದ್ದೂ ಅದೇ ನೆಲದ ಮೇಲೆ. ಯಾರು ಬೇಕಾದರೂ ಯಾರ ಪಕ್ಕದಲ್ಲಾದರೂ ಕೂತು ಉಣ್ಣುವ ಮೇಜು ಅದಕ್ಕಿಂತ ಸಾವಿರ ಪಾಲು ಮೇಲು. ಮಿಕ್ಸಿಯನ್ನೂ ಮೇಜನ್ನೂ ಬಿಡಬೇಕಾಗಿಲ್ಲ, ಅವು ಕಿತ್ತುಕೊಂಡ ಚಲನೆಯನ್ನು ಬೇರೆ ದಾರಿಯಲ್ಲಿ ಪಡೆಯಬೇಕು. ಕುಕ್ಕರಗಾಲು ಮಂಡಿ ಸವೆಸುತ್ತದೆ ಎಂಬ ಮಾತಿಗೂ ಆಧಾರವಿದೆ: ಗಂಟೆಗಟ್ಟಲೆ ಹಾಗೆ ಕೂತು ದುಡಿಯುವವರಲ್ಲಿ ಮಂಡಿಯ ಸಂಧಿವಾತ ಹೆಚ್ಚೆಂದು ಅಧ್ಯಯನಗಳು ಹೇಳಿವೆ. ಆದರೆ ಗಂಟೆಗಟ್ಟಲೆ ಕೂರುವುದು ಬೇರೆ, ದಿನಕ್ಕೆ ನಾಲ್ಕಾರು ಸಲ ಕೂತೇಳುವುದು ಬೇರೆ. ಬ್ರೆಜಿಲ್‌ನ ಕ್ಲೌಡಿಯೊ ಗಿಲ್ ಅರೌಜೊ ಮತ್ತು ಸಂಗಡಿಗರು 51ರಿಂದ 80 ವಯಸ್ಸಿನ 2002 ಜನರನ್ನು ನೆಲಕ್ಕೆ ಕೂರಿಸಿ ಏಳಿಸಿ ಅಂಕ ಕೊಟ್ಟರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಕೈಯೂರಿ ಒದ್ದಾಡಿ ಎದ್ದು ಕಡಿಮೆ ಅಂಕ ಪಡೆದವರಲ್ಲಿ ಮುಂದಿನ ವರ್ಷಗಳ ಸಾವಿನ ಪ್ರಮಾಣ ಹೆಚ್ಚಿತ್ತು. ಕೂತೆದ್ದರೆ ಆಯಸ್ಸು ಬೆಳೆಯುತ್ತದೆಂದು ಇದರಿಂದ ಸಾಬೀತಾಗದು. ಏಳುವ ಶಕ್ತಿ ಇಡೀ ಮೈಯ ಸ್ಥಿತಿಯನ್ನು ಹೇಳುತ್ತದೆ ಎಂಬುದಂತೂ ಸ್ಪಷ್ಟ. ಮಂಡಿ ನೋವಿರುವವರು ವೈದ್ಯರನ್ನು ಕೇಳಿ, ಎತ್ತರದ ಕುರ್ಚಿಯಿಂದ ಕೈಯೂರದೆ ಏಳುವುದನ್ನಾದರೂ ರೂಢಿಸಿಕೊಳ್ಳಲಿ. ಕಾಲು ಗಟ್ಟಿ ಇರುವವರು, ಗಂಡಸರು ಹೆಂಗಸರು ಇಬ್ಬರೂ, ದಿನಕ್ಕೊಂದು ಊಟವನ್ನು ನೆಲದ ಮೇಲೆ ಮಾಡಿ.